ಬೆಂಕಿಗೆ ಹಾಕುವ ಮೊದಲು ತೂಕಕ್ಕೆ ಹಾಕಿದೆ

ಹತ್ತು ವರ್ಷ ನಾನೂ ಹಿತ್ತಲಲ್ಲಿ ಕಸ ಸುಟ್ಟವನೇ. ತುಕ್ಕು ಹಿಡಿದ ಒಂದು ಡ್ರಮ್ಮು, ಬುಡದಲ್ಲಿ ನಾಲ್ಕು ತೂತು. ವಾರಕ್ಕೊಮ್ಮೆ ಸಂಜೆ ಕಡ್ಡಿ ಗೀರಿದರೆ ಕಸದ ಚಿಂತೆ ಮುಗಿಯಿತು ಎಂದುಕೊಂಡಿದ್ದೆ. ಹಾಗಾಗಿ ಕಸ ಸುಡುವ ದೊಡ್ಡ ಸ್ಥಾವರ ಬೇಕೋ ಬೇಡವೋ ಎಂಬ ಜಗಳ ಕಿವಿಗೆ ಬಿದ್ದಾಗ ನಾನು ಎರಡನೇ ಯೋಚನೆ ಮಾಡದೆ 'ಬೇಕು' ಎನ್ನುವವರ ಕಡೆ ನಿಂತೆ. ನಾನು ಚಿಕ್ಕದಾಗಿ ಮಾಡುವುದನ್ನೇ ಅವರು ದೊಡ್ಡದಾಗಿ ಮಾಡುತ್ತಾರೆ, ಅಷ್ಟೇ ತಾನೆ?

ಅಲ್ಲ ಎಂದು ಹೇಳಿದವರು ಬಾಯ್ಲರ್ ನೋಡಿಕೊಂಡೇ ನಿವೃತ್ತರಾದ ನೆರೆಮನೆಯವರು. ಅವರೂ ಸುಡುವ ಪಕ್ಷದವರೇ. "ನಿಮ್ಮ ಡ್ರಮ್ಮನ್ನೂ ಅದನ್ನೂ ಒಟ್ಟಿಗೆ ಸೇರಿಸಿ ಮಾತಾಡಬೇಡಿ ಮಾರಾಯರೇ" ಎಂದರು. ಯುರೋಪಿನ ನಿಯಮದ ಪ್ರಕಾರ ಕುಲುಮೆಯ ಹೊಗೆ ಕನಿಷ್ಠ 850 ಡಿಗ್ರಿ ಸೆಲ್ಸಿಯಸ್‌ನಲ್ಲಿ ಎರಡು ಸೆಕೆಂಡು ಇರಬೇಕು. ಆಮೇಲೆ ಬೇಗ ತಣಿಯಬೇಕು, ಇದ್ದಿಲು ಪುಡಿ ಮತ್ತು ಬಟ್ಟೆಯ ಸೋಸುಚೀಲ ದಾಟಿಯೇ ಚಿಮಣಿಗೆ ಹೋಗಬೇಕು. ನನ್ನ ಡ್ರಮ್ಮಿನ ಹೊಗೆ ಎಲ್ಲೂ ನಿಲ್ಲುತ್ತಿರಲಿಲ್ಲ, ನೇರವಾಗಿ ಅವರ ಮನೆಯ ಒಗೆದ ಬಟ್ಟೆಯ ಮೇಲೆ ಕೂರುತ್ತಿತ್ತು. ಪಿವಿಸಿಯಂಥ ಕ್ಲೋರಿನ್ ಇರುವ ಪ್ಲಾಸ್ಟಿಕ್ಕು ಅರೆಬರೆ ಬೆಂಕಿಯಲ್ಲಿ ಹೊಗೆಯಾಡಿದರೆ ಡಯಾಕ್ಸಿನ್ ಎಂಬ ಕಡುವಿಷ ಹುಟ್ಟುತ್ತದೆ. ಇಂಥ ವಿಷವಸ್ತುಗಳನ್ನು ತಡೆಯಲು ದೇಶಗಳು ಮಾಡಿಕೊಂಡ 2001ರ ಸ್ಟಾಕ್‌ಹೋಮ್ ಒಪ್ಪಂದ ಡಯಾಕ್ಸಿನ್ ಮೂಲಗಳ ಪಟ್ಟಿಯಲ್ಲಿ ಬಯಲಲ್ಲಿ ಕಸ ಸುಡುವುದನ್ನೂ ಹೆಸರಿಸಿದೆ. ಆ ಬೂದಿಯನ್ನು ನಾನು ಗೊಬ್ಬರವೆಂದು ಗಿಡಗಳ ಬುಡಕ್ಕೆ ಸುರಿದಿದ್ದೆ. ನೆನೆದರೆ ಈಗಲೂ ಕಸಿವಿಸಿ.

ಡ್ರಮ್ಮು ಅಂದೇ ಆರಿತು. ಆದರೆ ಅವರು ಕೇಳಿದ ಇನ್ನೊಂದು ಪ್ರಶ್ನೆ ಬಿಡಲಿಲ್ಲ: "ನಿಮ್ಮ ಕಸದಲ್ಲಿ ನೀರೆಷ್ಟಿದೆ ಅಂತ ಯಾವತ್ತಾದರೂ ನೋಡಿದ್ದೀರಾ?"

ಒಂದು ಕೊಕ್ಕೆ ತಕ್ಕಡಿ ತಂದೆ. ಮೂರು ಬಕೆಟ್ಟು ಇಟ್ಟೆ: ಕೊಳೆಯುವುದು ಒಂದರಲ್ಲಿ; ಕಾಗದ, ರಟ್ಟು, ಬಾಟಲಿ, ಡಬ್ಬಗಳಂಥ ಒಣ ಕಸ ಇನ್ನೊಂದರಲ್ಲಿ; ಎರಡಕ್ಕೂ ಸೇರದ್ದು ಮೂರನೆಯದರಲ್ಲಿ. ನಾಲ್ಕು ವಾರ ದಿನಾ ರಾತ್ರಿ ತೂಗಿ ಬರೆದಿಟ್ಟೆ. ಮೊದಲ ವಾರದ ಲೆಕ್ಕ ಆಮೇಲೆ ಕೈಬಿಟ್ಟೆ, ಯಾಕೆಂದರೆ ತಕ್ಕಡಿ ಎದುರಿಗಿದ್ದಾಗ ಮನೆಯವರೆಲ್ಲ ತುಸು ಹೆಚ್ಚೇ ಸಾಚಾ ಆಗಿದ್ದೆವು. ಉಳಿದ ಮೂರು ವಾರದ್ದು ಹೀಗಿತ್ತು: ಹತ್ತು ಕಿಲೋ ಕಸದಲ್ಲಿ ಆರು ಕಿಲೋ ಹಸಿ, ಎರಡೂವರೆ ಒಣ, ಒಂದೂವರೆ ಕಿಲೋ ಮೂರನೇ ಬಕೆಟ್ಟಿನದು.

ಒಂದು ಕಿಲೋ ತರಕಾರಿ ಸಿಪ್ಪೆಯನ್ನು ಹಳೇ ಪೇಪರಿನ ಮೇಲೆ ಹರಡಿ ಗರಿಗರಿಯಾಗುವ ತನಕ ಬಿಸಿಲಿಗಿಟ್ಟೆ. ಉಳಿದದ್ದು 200 ಗ್ರಾಂ. ಮಿಕ್ಕ 800 ಗ್ರಾಂ ಬರೀ ನೀರು! ಆ ನೀರನ್ನು ಆವಿ ಮಾಡುವುದಕ್ಕೇ ಸುಮಾರು 2.1 ಮೆಗಾಜೌಲ್ ಶಾಖ ಬೇಕು. ಒಣಗಿದ 200 ಗ್ರಾಂ ಉರಿದರೆ ಸಿಗುವುದು ಮೂರೂವರೆಯ ಹತ್ತಿರ. ಕಳೆದರೆ ಕೈಗೆ ಉಳಿಯುವುದು ಕಿಲೋಗೆ ಒಂದೂಕಾಲು, ಒಂದೂವರೆ. ಬೇರೆ ಇಂಧನ ಬೆರೆಸದೆ ಸ್ಥಾವರ ನಡೆಯಬೇಕಾದರೆ ವರ್ಷದ ಯಾವ ಕಾಲದಲ್ಲೂ ಕಸದ ಶಾಖ ಕಿಲೋಗೆ 6 ಮೆಗಾಜೌಲ್‌ಗಿಂತ ಇಳಿಯಬಾರದು, ಸರಾಸರಿ 7 ಆದರೂ ಇರಬೇಕು ಎಂಬುದು ವಿಶ್ವಬ್ಯಾಂಕಿನ ಮಾರ್ಗದರ್ಶಿ ಹೇಳುವ ಲೆಕ್ಕ. ನನ್ನ ಹಸಿ ಕಸ ಒಲೆಗೆ ಸೌದೆಯಲ್ಲ, ಹೊರೆ.

ಹಾಗಾದರೆ ಒಲೆಯನ್ನು ಉರಿಸುವವರು ಯಾರು? ಕಾಗದ ಮತ್ತು ಪ್ಲಾಸ್ಟಿಕ್ಕು. ಪಾಲಿಥೀನ್ ಒಂದರಲ್ಲೇ ಕಿಲೋಗೆ 40 ಮೆಗಾಜೌಲ್‌ಗಿಂತ ಹೆಚ್ಚು ಶಾಖವಿದೆ. ಅಂದರೆ ಮರುಬಳಕೆಗೆ ಹೋಗಬಹುದಾದ ಎರಡನೇ ಬಕೆಟ್ಟೇ ಕುಲುಮೆಗೂ ಬೇಕು. ಜಗಳದ ಗಂಟು ಇರುವುದು ಇಲ್ಲಿ, ಚಿಮಣಿಯಲ್ಲಲ್ಲ ಎಂದು ನನಗನ್ನಿಸಿದ್ದು ಆಗಲೇ. ಅದೂ ಅಲ್ಲದೆ, ಒಂದು ಕಿಲೋ ಪಾಲಿಥೀನ್ ಪೂರ್ತಿ ಉರಿದರೆ ಮೂರು ಕಿಲೋ ಮೀರಿ ಇಂಗಾಲದ ಡೈಆಕ್ಸೈಡ್ ಬರುತ್ತದೆ. ಪೆಟ್ರೋಲಿಯಮ್ಮನ್ನೇ ಒಂದು ಸುತ್ತು ಬಳಸಿ ಸುಟ್ಟಂತೆ.

ಹಸಿ ಕಸವನ್ನು ಮನೆಯಲ್ಲೇ ಇಟ್ಟುಕೊಳ್ಳುವುದೆಂದಾಯಿತು. ಹಳೇ ಡ್ರಮ್ಮು ಹೇಗೂ ಇತ್ತು, ಪಕ್ಕಗಳಿಗೂ ತೂತು ಕೊರೆಸಿದೆ. ಮೊದಲ ಸಲ ಬರೀ ಸಿಪ್ಪೆ, ಉಳಿದ ಊಟ ತುಂಬಿಸಿ ಮುಚ್ಚಿಟ್ಟೆ. ಹತ್ತೇ ದಿನಕ್ಕೆ ಕೊಳೆತ ಮೊಟ್ಟೆಯ ನಾತ, ಕೆಳಗೆ ಕಪ್ಪು ನೀರು, ಮುಚ್ಚಳ ತೆಗೆದರೆ ಬಿಳಿ ಹುಳ ಬುಚಬುಚ. ಮನೆಯಲ್ಲಿ ಎರಡು ದಿನ ಯಾರೂ ನನ್ನ ಜತೆ ಸರಿಯಾಗಿ ಮಾತಾಡಲಿಲ್ಲ. ತಪ್ಪು ಸರಳವಾಗಿತ್ತು: ಗಾಳಿ ಇರಲಿಲ್ಲ, ತರಗೆಲೆ ಇರಲಿಲ್ಲ. ಗೊಬ್ಬರ ಮಾಡುವ ಜೀವಾಣುಗಳಿಗೆ ಸಾರಜನಕದ ಒಂದು ಪಾಲಿಗೆ ಇಂಗಾಲ 25-30 ಪಾಲು ಬೇಕು; ಅಡುಗೆಮನೆಯ ಕಸದಲ್ಲಿ ಅದು ಅಷ್ಟಿರುವುದಿಲ್ಲ, ಒಣ ಎಲೆಯಲ್ಲಿ ಬೇಕಾದದ್ದಕ್ಕಿಂತ ಹೆಚ್ಚೇ ಇರುತ್ತದೆ. ಈಗ ಒಂದು ಪಾತ್ರೆ ಹಸಿ ಕಸಕ್ಕೆ ಎರಡು ಪಾತ್ರೆ ತರಗೆಲೆ, ನಾಲ್ಕು ದಿನಕ್ಕೊಮ್ಮೆ ಕೋಲಿನಿಂದ ಮಗುಚುವುದು. ಮುಷ್ಟಿಯಲ್ಲಿ ಹಿಂಡಿದರೆ ಒಂದೆರಡು ಹನಿ ಬಂದರೆ ಹದ ಸರಿ. ಧಾರೆ ಇಳಿದರೆ ಇನ್ನಷ್ಟು ಎಲೆ. ಥರ್ಮಾಮೀಟರು ಚುಚ್ಚಿ ನೋಡಿದ್ದೆ, ಐದನೇ ದಿನ 48 ಡಿಗ್ರಿ. ರೋಗಾಣು ಸಾಯಲು 55 ಬೇಕೆನ್ನುತ್ತಾರೆ. ಡ್ರಮ್ಮಿನಷ್ಟು ಚಿಕ್ಕ ರಾಶಿಯಲ್ಲಿ ಶಾಖ ನಿಲ್ಲುವುದು ಕಷ್ಟ, ಅದಕ್ಕೇ ಮಾಂಸ ಮತ್ತು ಸಾಕುಪ್ರಾಣಿಯ ಹೊಲಸನ್ನು ನಾನು ಇದಕ್ಕೆ ಹಾಕುವುದಿಲ್ಲ. ಮೂರು ತಿಂಗಳಿಗೆ ಮಣ್ಣಿನ ವಾಸನೆ ಬಂತು. ಆ ಗೊಬ್ಬರದ ಬಗ್ಗೆ ಕೊಚ್ಚಿಕೊಳ್ಳುವುದು ಬೇಡ. ಹಸಿ ಕಸ ತಿಪ್ಪೆಗುಂಡಿ ಸೇರಿ ಗಾಳಿಯಿಲ್ಲದೆ ಕೊಳೆತು, ಭೂಮಿಯ ಬಿಸಿ ಏರಿಸುವ ಮೀಥೇನ್ ಅನಿಲ ಆಗುವುದು ತಪ್ಪಿತಲ್ಲ, ಅದೇ ದೊಡ್ಡದು. ಜಾಗವಿಲ್ಲದವರು ಏನು ಮಾಡಬೇಕು ಎಂದು ಕೇಳುವವರಿದ್ದಾರೆ. ನ್ಯಾಯವಾದ ಪ್ರಶ್ನೆ. ಅಂಥಲ್ಲಿ ಹಸಿ ಕಸವನ್ನು ಬೇರೆಯಾಗಿಯೇ ಒಯ್ದು ಬಯೋಗ್ಯಾಸ್ ತೊಟ್ಟಿಗೆ ಹಾಕುವುದು ಒಳ್ಳೆಯದು, ಅಲ್ಲಿ ನೀರು ಶತ್ರುವಲ್ಲ.

ಒಣ ಕಸದ ಬಗ್ಗೆ ಹೇಳುವಂಥದ್ದು ಕಡಿಮೆ. ತೊಳೆದು ಒಣಗಿಸಿ ಇಟ್ಟರೆ ಒಯ್ಯುವವರಿದ್ದಾರೆ. ಎಣ್ಣೆ ಮೆತ್ತಿದ ರಟ್ಟು ಮಾತ್ರ ಯಾರಿಗೂ ಬೇಡ, ಹರಿದು ಡ್ರಮ್ಮಿಗೇ ಹಾಕುತ್ತೇನೆ.

ಸೋತದ್ದು ಮೂರನೇ ಬಕೆಟ್ಟಿನಲ್ಲಿ. ಡೈಪರು, ಪ್ಯಾಡು, ಪದರಪದರದ ಹೊಳೆಯುವ ಪೊಟ್ಟಣ, ಹರಿದ ಚಪ್ಪಲಿ, ಒಡೆದ ಕನ್ನಡಿ. ಜಪಾನಿನ ಕಾಮಿಕಾಟ್ಸು ಎಂಬ ಪುಟ್ಟ ಊರು 2003ರಲ್ಲಿ ಶೂನ್ಯ ಕಸದ ಪಣ ತೊಟ್ಟು, ಬರಬರುತ್ತಾ ಕಸವನ್ನು 45 ಬಗೆಯವರೆಗೆ ವಿಂಗಡಿಸಿತು. ಅಲ್ಲಿಯೂ ಮರುಬಳಕೆ 80 ಶೇಕಡದ ಆಸುಪಾಸಿಗೆ ಬಂದು ನಿಂತಿತು. ಅವರ ಉಳಿಕೆಯಲ್ಲೂ ಡೈಪರು ಇದೆ ಎಂದು ತಿಳಿದು ನನಗೆ ಸ್ವಲ್ಪ ಸಮಾಧಾನವಾದದ್ದು ಸುಳ್ಳಲ್ಲ.

ಇದನ್ನೇ ಹಿಡಿದು ನೆರೆಯವರು ಈಗಲೂ ವಾದಿಸುತ್ತಾರೆ: "ನೋಡಿ, ಇದನ್ನಾದರೂ ಸುಡಲೇಬೇಕಲ್ಲ?" ಸುಡೋಣ, ಒಳ್ಳೆಯ ಕುಲುಮೆಯಲ್ಲಿ, ಎನ್ನುತ್ತೇನೆ. ಆದರೆ ಸುಟ್ಟರೂ ಒಂದು ಟನ್ನಿಗೆ 200-250 ಕಿಲೋ ಬೂದಿ ಉಳಿಯುತ್ತದೆ, ಸೋಸುಚೀಲದಲ್ಲಿ ಸಿಕ್ಕ ವಿಷದ ಬೂದಿ ಬೇರೆ. ಎರಡಕ್ಕೂ ಜಾಗ ಹುಡುಕಲೇಬೇಕು. ಕುಲುಮೆ ಎಷ್ಟು ದೊಡ್ಡದಿರಬೇಕು ಎಂಬುದನ್ನು ಮೂರನೇ ಬಕೆಟ್ಟು ಮಾತ್ರ ತೂಗಿ ಹೇಳಲಿ, ಮೂರನ್ನೂ ಸೇರಿಸಿ ಅಲ್ಲ. ಒಮ್ಮೆ ಕಟ್ಟಿದ ಮೇಲೆ ಎರಡು-ಮೂರು ದಶಕ ಅದರ ಹೊಟ್ಟೆ ತುಂಬಿಸಬೇಕು. ಡೆನ್ಮಾರ್ಕಿನ ಕೋಪನ್‌ಹೇಗನ್ ನಗರ ತನ್ನ ಹೆಸರುವಾಸಿ ಸ್ಥಾವರದ ಮಾಡಿನ ಮೇಲೆ ಸ್ಕೀ ಇಳಿಜಾರನ್ನೇ ಮಾಡಿತು. ಅದೇ ದೇಶ 2020ರಲ್ಲಿ ತನ್ನ ಕಸ ಸುಡುವ ಸಾಮರ್ಥ್ಯವನ್ನು ಹತ್ತು ವರ್ಷದಲ್ಲಿ 30 ಶೇಕಡದಷ್ಟು ಇಳಿಸಲು ತೀರ್ಮಾನಿಸಿತು, ಮರುಬಳಕೆ ಹೆಚ್ಚಿ ಹೊರದೇಶದ ಕಸ ತರಿಸಿ ಉರಿಸುವುದು ತಪ್ಪಲಿ ಎಂದು.

ನೆರೆಯವರು ಇದಕ್ಕೆ ಪೂರ್ತಿ ಒಪ್ಪಿಲ್ಲ. ಎಲ್ಲ ಮನೆಯವರೂ ನಿಮ್ಮಂತೆ ತಕ್ಕಡಿ ಹಿಡಿದು ಕೂರುತ್ತಾರೆಯೇ ಎಂದು ಕೇಳುತ್ತಾರೆ. ಅದಕ್ಕೆ ನನ್ನಲ್ಲಿ ಉತ್ತರವಿಲ್ಲ. ಹೋದ ವಾರ ನನ್ನ ಮೂರನೇ ಬಕೆಟ್ಟು ತೂಗಿದ್ದು ಒಂದು ಕಿಲೋ ನೂರು ಗ್ರಾಂ, ಅದರಲ್ಲಿ ಅರ್ಧ ಒಂದು ಜೊತೆ ಹಳೇ ಶೂ.