ಗೋಡೆ ಕ್ಯಾಲೆಂಡರ್‌ಗೆ ನಮ್ಮೂರ ಸೂರ್ಯೋದಯ

ಗುರುವಾರ ರಾಹುಕಾಲ ಎಷ್ಟೊತ್ತಿಗೆ ಅಂತ ಯಾರನ್ನು ಕೇಳಿದರೂ ಥಟ್ಟನೆ ಒಂದೂವರೆಯಿಂದ ಮೂರು ಅನ್ನುತ್ತಾರೆ. ಆ ಲೆಕ್ಕ ಸರಿಹೋಗಬೇಕಾದರೆ ಸೂರ್ಯ ಬೆಳಿಗ್ಗೆ ಆರಕ್ಕೆ ಹುಟ್ಟಿ ಸಂಜೆ ಆರಕ್ಕೆ ಮುಳುಗಬೇಕು. ನಮ್ಮ ಮೈಸೂರಿನಲ್ಲಿ ಸಂಕ್ರಾಂತಿ ಹೊತ್ತಿಗೆ ಸೂರ್ಯ ಹುಟ್ಟುವುದೇ ಹೆಚ್ಚುಕಡಿಮೆ 6.45ಕ್ಕೆ. ಅದಕ್ಕೇ ನಾನು ಪ್ರತಿ ಯುಗಾದಿಗೆ ಹೊಸ ಪಂಚಾಂಗ ತಂದು, ನಮ್ಮೂರ ಸೂರ್ಯೋದಯ ಹಿಡಿದು, ಮನೆಗೆ ಬೇಕಾದಷ್ಟನ್ನು ಗೋಡೆ ಕ್ಯಾಲೆಂಡರ್‌ನಲ್ಲಿ ಪೆನ್ಸಿಲ್‌ನಿಂದ ಬರೆದುಕೊಳ್ಳುತ್ತೇನೆ.

ಮಾಡುವುದು ಕಷ್ಟ ಏನಲ್ಲ. ಹಗಲನ್ನು ಎಂಟು ಪಾಲು ಮಾಡಬೇಕು. ರಾಹುಕಾಲ ಸೋಮವಾರ ಎರಡನೇ ಪಾಲು, ಶನಿವಾರ ಮೂರು, ಶುಕ್ರವಾರ ನಾಲ್ಕು, ಬುಧವಾರ ಐದು, ಗುರುವಾರ ಆರು, ಮಂಗಳವಾರ ಏಳು, ಭಾನುವಾರ ಎಂಟು. 6.45ಕ್ಕೆ ಹುಟ್ಟಿ ಸಂಜೆ 6.15ಕ್ಕೆ ಮುಳುಗಿದರೆ ಹಗಲು 690 ನಿಮಿಷ. ಒಂದು ಪಾಲು 86 ನಿಮಿಷ, ಮೇಲೆ ಚೂರು. ಐದು ಪಾಲು ಕಳೆದರೆ ಗುರುವಾರದ ರಾಹುಕಾಲ ಶುರುವಾಗುವುದು 1.56ಕ್ಕೆ, ಮುಗಿಯುವುದು 3.22ಕ್ಕೆ. ಮೂರು ಹೊಡೆಯಲಿ ಅಂತ ಕಾದು ಅಂಗಡಿ ಪೂಜೆಗೆ ಕೂತವರು ಸರಿಯಾಗಿ ರಾಹುಕಾಲದಲ್ಲೇ ಕೂತ ಹಾಗಾಯ್ತು, ಅಲ್ವಾ?

ಪಂಚಾಂಗದಲ್ಲಿ ಘಳಿಗೆ ಲೆಕ್ಕ ಇದ್ದರೆ ಇನ್ನೊಂದು ಹುಷಾರಿ ಬೇಕು. ತಿಥಿ ಮುಂದೆ 12-30 ಅಂತಿದ್ದರೆ ಮಧ್ಯಾಹ್ನ ಹನ್ನೆರಡೂವರೆ ಅಲ್ಲ. ಸೂರ್ಯ ಹುಟ್ಟಿದ ಮೇಲೆ ಹನ್ನೆರಡೂವರೆ ಘಳಿಗೆ. ಘಳಿಗೆಗೆ 24 ನಿಮಿಷದಂತೆ ಐದು ಗಂಟೆ. ಅಂದರೆ ಅದೇ ಜನವರಿಯಲ್ಲಿ 11.45ಕ್ಕೆ ತಿಥಿ ಮುಗಿಯಿತು.

ತಿಥಿಗೆ ನಮ್ಮ ಗಡಿಯಾರ ಗೊತ್ತಿಲ್ಲ. ಚಂದ್ರ ಸೂರ್ಯನಿಂದ 12 ಡಿಗ್ರಿ ಮುಂದೆ ಹೋದರೆ ಒಂದು ತಿಥಿ. ಚಂದ್ರನ ನಡಿಗೆ ಒಂದೇ ಸಮ ಇರುವುದಿಲ್ಲವಾದ್ದರಿಂದ ಒಂದು ತಿಥಿ ಸುಮಾರು 19 ಗಂಟೆಗೇ ಮುಗಿದರೆ ಇನ್ನೊಂದು 26 ಗಂಟೆವರೆಗೂ ಎಳೆಯುತ್ತದೆ. ಸಾಮಾನ್ಯವಾಗಿ ಸೂರ್ಯೋದಯಕ್ಕೆ ಇರುವ ತಿಥಿಯೇ ಆ ದಿನದ್ದು. ಆದರೆ ಸಂಕಷ್ಟಿಗೆ ನಾನು ನೋಡುವುದು ಚಂದ್ರೋದಯಕ್ಕೆ ಚೌತಿ ಇದೆಯಾ ಅಂತ. ಬೆಳಿಗ್ಗೆ ತದಿಗೆ ಇದ್ದರೂ ಪರವಾಗಿಲ್ಲ. ಪಕ್ಕದ ಮನೆಯವರು ಕ್ಯಾಲೆಂಡರ್‌ನಲ್ಲಿ ತದಿಗೆ ಅಂತಿದೆಯಲ್ಲ ಅಂತ ಗೊಂದಲ ಮಾಡಿಕೊಳ್ಳುವುದು ಇಲ್ಲೇ.

ಮದುವೆ, ಗೃಹಪ್ರವೇಶದ ಮುಹೂರ್ತಕ್ಕೆ ಮಾತ್ರ ನಾನು ಕೈ ಹಾಕುವುದಿಲ್ಲ. ಲಗ್ನ, ತಾರಾಬಲ, ಚಂದ್ರಬಲ ಎಲ್ಲಾ ನೋಡಬೇಕು. ಅದು ಪುರೋಹಿತರ ಕೆಲಸ.

ಅಮೆರಿಕದಲ್ಲಿರುವ ಮಗಳು ನನ್ನ ಕ್ಯಾಲೆಂಡರ್‌ನ ಫೋಟೋ ಕೇಳುತ್ತಿದ್ದಳು. ತಿಥಿ ಮುಗಿಯುವ ಕ್ಷಣ ಲೋಕಕ್ಕೆಲ್ಲ ಒಂದೇ, ಸೂರ್ಯೋದಯ ಮಾತ್ರ ಬೇರೆ. ಹಾಗಾಗಿ ಅಲ್ಲಿ ಹಬ್ಬ ಎಷ್ಟೋ ಸಲ ಒಂದು ದಿನ ಮುಂಚೆಯೇ ಬೀಳುತ್ತದೆ. "ನಿನ್ನ ಊರಿನ ಪಂಚಾಂಗ ನೋಡ್ಕೋ, ಇದು ಸುಮ್ನೆ ಮೈಸೂರಿಗೆ ಮಾತ್ರ" ಅಂತ ಹೇಳಿಬಿಟ್ಟಿದ್ದೇನೆ.