"ಇಲ್ಲಿ ಹೀಗೇ ನಡೆಯೋದು" ಅಂದಾಗ ಏನು ಮಾಡಬೇಕು: ಬೇರೆ ದೇಶಗಳಲ್ಲಿ ಹೊಸ ಬಿಸಿನೆಸ್ ಮಾಡುವವರಿಗೆ

ಹೊಸದೊಂದು ಪ್ರಾಡಕ್ಟ್ ಹಿಡಿದು ಪರಿಚಯವಿಲ್ಲದ ದೇಶಕ್ಕೆ ಹೋದರೆ ಯಾರಾದರೊಬ್ಬರು ಬೇಗನೆ ಈ ಮಾತು ಹೇಳುತ್ತಾರೆ: "ಇಲ್ಲಿ ಹೀಗೇ ನಡೆಯೋದು." ಕೆಲವು ಸಲ ಅದು ನಿಜ. ಕೆಲವು ಸಲ ಸುಮ್ನೆ ನೆಪ. ಎರಡನ್ನೂ ಬೇರೆ ಮಾಡೋಕೆ ನಾನು ನಂಬುವ ಪ್ರಶ್ನೆ ಒಂದೇ. ಈ ಪದ್ಧತಿಯಿಂದ ಕಳೆದುಕೊಳ್ಳುವವರು ಯಾರು, ಅವರೂ ಇದನ್ನು ಪದ್ಧತಿ ಅಂತಾರಾ? ಲಾಭ ಆಗುವವರು ಮಾತ್ರ ಹಾಗೆ ಹೇಳುತ್ತಿದ್ದರೆ ಅದು ಸಂಸ್ಕೃತಿ ಅಲ್ಲ, ವ್ಯವಹಾರ.

ಹಾಗಾಗಿ ಮೊದಲು ಒಂದು ಹಾಳೆ ತಗೊಂಡು ಎರಡು ಪಟ್ಟಿ ಮಾಡಿ. ನಾವು ಹೊಂದಿಕೊಳ್ಳುವ ವಿಷಯಗಳು ಒಂದು ಕಡೆ: ಮಾತುಕತೆಯ ರೀತಿ, ಹಿರಿಯರಿಗೆ ಕೊಡುವ ಮರ್ಯಾದೆ, ಕೆಲಸಕ್ಕೆ ಮುಂಚೆ ಪರಿಚಯಕ್ಕೆ ಎಷ್ಟು ಸಮಯ ಕೊಡಬೇಕು, ಊಟಕ್ಕೆ ಕರೆದರೆ ಹೋಗಬೇಕಾ ಅನ್ನೋದು. ಎಲ್ಲಿ ಹೋದರೂ ಬದಲಾಗದವು ಇನ್ನೊಂದು ಕಡೆ: ಸುರಕ್ಷತೆ, ಲೆಕ್ಕ, ಬೇರೆಯವರ ಮಾಹಿತಿ, ಕೂಲಿ. ಇದನ್ನು ಹೊರಡುವ ಮುಂಚೆಯೇ ಬರೆದಿಡಿ. ಅಲ್ಲಿಗೆ ಹೋಗಿ, ಹೂಡಿಕೆದಾರರ ಫೋನ್ ಮೇಲೆ ಫೋನ್ ಬರುತ್ತಿರುವಾಗ ಕೂತು ಯೋಚಿಸಿದರೆ ಯಾವುದು ಸರಿ ಅನ್ನಿಸುತ್ತೆ ಅಂತ ನಿಮಗೇ ಗೊತ್ತಲ್ವಾ?

ಜಾಸ್ತಿ ಗೊಂದಲ ಆಗೋದು ಉಡುಗೊರೆ ವಿಷಯದಲ್ಲಿ. ಹಲವು ಕಡೆ ಬರಿಗೈಯಲ್ಲಿ ಹೋದರೆ ಅವಮಾನ, ಇನ್ನು ಕೆಲವು ಕಡೆ ಸರ್ಕಾರಿ ನೌಕರ ಒಂದು ಪೆನ್ನು ತಗೊಳ್ಳೋಕೂ ಹಿಂದೆ ಮುಂದೆ ನೋಡುತ್ತಾರೆ. ಇದಕ್ಕೆ ಒಂದು ರಿಜಿಸ್ಟರ್ ಇಡಿ. ಯಾರು ಕೊಟ್ಟರು, ಯಾರಿಗೆ, ಏನು, ಅಂದಾಜು ಬೆಲೆ ಎಷ್ಟು ಅನ್ನುವ ಕಾಲಂಗಳು ಸಾಮಾನ್ಯ. ಇನ್ನೊಂದು ಕಾಲಂ ಸೇರಿಸಿ: ಆ ದಿನ ಅವರ ಮೇಜಿನ ಮೇಲೆ ನಮ್ಮ ಯಾವ ಫೈಲ್ ಇತ್ತು? ಈ ಕಾಲಂ ಖಾಲಿ ಇದ್ದರೆ ಅದು ಬಹುತೇಕ ಉಡುಗೊರೆಯೇ. ಲೈಸೆನ್ಸ್ ಅರ್ಜಿ ಅಂತ ತುಂಬಬೇಕಾಗಿ ಬಂದರೆ ಕೊಡಬೇಡಿ, ಬೆಲೆ ಎಷ್ಟೇ ಕಮ್ಮಿ ಇರಲಿ.

ಕಾನೂನೂ ಗೊತ್ತಿರಲಿ. ಅಮೆರಿಕದ 1977ರ ಕಾಯ್ದೆ ವಿದೇಶಿ ಅಧಿಕಾರಿಗಳಿಗೆ ಲಂಚ ಕೊಡುವುದನ್ನು ಅಪರಾಧವನ್ನಾಗಿ ಮಾಡಿತು. ಆದರೂ ಮಾಮೂಲಿ ಕಾಗದಪತ್ರ ಬೇಗ ಮಾಡಿಸಿಕೊಳ್ಳುವ ಸಣ್ಣ ಪಾವತಿಗೆ ಅದರಲ್ಲಿ ಒಂದು ವಿನಾಯಿತಿ ಇದೆ. ಬ್ರಿಟನ್ನಿನ 2010ರ ಕಾಯ್ದೆಯಲ್ಲಿ ಆ ವಿನಾಯಿತಿಯೂ ಇಲ್ಲ, ಖಾಸಗಿ ಕಂಪನಿಯವರಿಗೆ ಕೊಟ್ಟರೂ ತಪ್ಪೇ. ಲಂಚ ಅಂದರೆ ಬಡ ದೇಶಗಳ ಅಭ್ಯಾಸ ಅಂದುಕೊಂಡವರು ಇದನ್ನೂ ತಿಳಿದಿರಬೇಕು: 1990ರ ದಶಕದ ಕೊನೆಯವರೆಗೂ ಜರ್ಮನಿಯಲ್ಲಿ ವಿದೇಶದಲ್ಲಿ ಕೊಟ್ಟ ಲಂಚವನ್ನು ಖರ್ಚು ಅಂತ ತೋರಿಸಿ ತೆರಿಗೆ ಉಳಿಸಬಹುದಿತ್ತು. ಆಮೇಲೆ ಕಾಲ ಬದಲಾಯಿತು, ಅಭ್ಯಾಸ ಬದಲಾಗಲಿಲ್ಲ. ಜರ್ಮನಿಯ ಸೀಮೆನ್ಸ್ ಕಂಪನಿ ಲಂಚದ ಪ್ರಕರಣದಲ್ಲಿ 2008ರಲ್ಲಿ ಅಮೆರಿಕ, ಜರ್ಮನಿ ಎರಡೂ ಕಡೆ ಸೇರಿ ಸುಮಾರು 160 ಕೋಟಿ ಡಾಲರ್ ಕಟ್ಟಬೇಕಾಯಿತು.

ಇಂಥ ದುಡ್ಡು ನೇರವಾಗಿ ಹೋಗೋದು ಕಮ್ಮಿ. ಏಜೆಂಟ್, ಕನ್ಸಲ್ಟೆಂಟ್ ಅಂತ ಹೆಸರಿಟ್ಟುಕೊಂಡು ಹೋಗುತ್ತೆ. ಹಾಗಾಗಿ ಸ್ಥಳೀಯ ಏಜೆಂಟನ್ನು ಇಟ್ಟುಕೊಳ್ಳುವಾಗ ಅವರು ಮಾಡುವ ಕೆಲಸ ಏನು ಅಂತ ಒಪ್ಪಂದದಲ್ಲಿ ಬಿಡಿಸಿ ಬರೆಸಿ. ಕಮಿಷನ್ನನ್ನು ಕೆಲಸ ನಡೆಯುವ ದೇಶದಲ್ಲೇ, ಅವರ ಹೆಸರಿನ ಖಾತೆಗೇ ಹಾಕಿ. ಮೂರನೇ ದೇಶದ ಖಾತೆ ನಂಬರ್ ಕೊಟ್ಟರೆ ಅಲ್ಲಿಗೆ ಮಾತು ಮುಗಿಸಿ.

ಇನ್ನು ಒಪ್ಪಿಗೆ ಪಡೆಯುವ ವಿಷಯ. ಒಂದು ಸಾಲದ ಆ್ಯಪ್ ಮಾಡುತ್ತಿದ್ದೀರಿ ಅಂದುಕೊಳ್ಳಿ. ಪರದೆ ಮೇಲೆ "ಉತ್ತಮ ಸೇವೆಗಾಗಿ ಸಂಪರ್ಕಗಳಿಗೆ ಅನುಮತಿ ನೀಡಿ" ಅಂತ ಬರೆಯೋದು ಸುಲಭ, ಜನ ಒತ್ತುತ್ತಾರೆ ಕೂಡ. ಅದನ್ನೇ ಬಿಡಿಸಿ ಬರೆದು ನೋಡಿ: "ನಿಮ್ಮ ಫೋನಿನಲ್ಲಿರುವ ಎಲ್ಲರ ನಂಬರ್ ನಮಗೆ ಬರುತ್ತೆ. ನೀವು ಕಂತು ಕಟ್ಟದಿದ್ದರೆ ಅವರಿಗೆಲ್ಲ ಫೋನ್ ಮಾಡುತ್ತೇವೆ. ಒಪ್ಪಿಗೆ ಇದೆಯಾ?" ಹೀಗೆ ಬರೆಯೋಕೆ ಕೈ ಬರದಿದ್ದರೆ ಆ ಫೀಚರ್ ತೆಗೆದುಹಾಕಿ. ಇಡೀ ಮನೆಗೆ ಒಂದೇ ಫೋನ್ ಇರುವ ಕಡೆ ಗುಂಡಿ ಒತ್ತಿದವರು ಒಬ್ಬರು, ತೊಂದರೆ ಅನುಭವಿಸುವವರು ಇನ್ನೊಬ್ಬರು ಆಗಬಹುದು, ಅದನ್ನೂ ಯೋಚಿಸಿ. 2018ರಲ್ಲಿ ಜಾರಿಗೆ ಬಂದ ಯುರೋಪಿನ ಮಾಹಿತಿ ರಕ್ಷಣೆ ನಿಯಮದಲ್ಲಿ ಒಂದು ಒಳ್ಳೆಯ ಮಾತಿದೆ: ಒಪ್ಪಿಗೆ ಕೊಡೋದು ಎಷ್ಟು ಸುಲಭವೋ ವಾಪಸ್ ತಗೊಳ್ಳೋದೂ ಅಷ್ಟೇ ಸುಲಭ ಇರಬೇಕು. ನೀವು ಯುರೋಪಿಗೆ ಹೋಗದಿದ್ದರೂ ಇದನ್ನು ಪಾಲಿಸಿ.

ಕೆಲವು ಸಲ ಒಪ್ಪಿಗೆ ಒಬ್ಬರದ್ದಲ್ಲ, ಇಡೀ ಸಮುದಾಯದ್ದು. ದಕ್ಷಿಣ ಆಫ್ರಿಕಾದ ಸಾನ್ ಜನ ಬೇಟೆಗೆ ಹೋದಾಗ ಹಸಿವು, ಬಾಯಾರಿಕೆ ತಡೆಯೋಕೆ ಹೂಡಿಯಾ ಅನ್ನುವ ಗಿಡ ಅಗಿಯುತ್ತಿದ್ದರು. ಅಲ್ಲಿನ ಸರ್ಕಾರಿ ಸಂಶೋಧನಾ ಸಂಸ್ಥೆ ಅದರೊಳಗಿನ ಅಂಶಕ್ಕೆ ಪೇಟೆಂಟ್ ಮಾಡಿಸಿ, ತೂಕ ಇಳಿಸುವ ಔಷಧಿ ಮಾಡೋಕೆ ಕಂಪನಿಗಳಿಗೂ ಕೊಟ್ಟಿತು. ಗಿಡದ ಗುಣ ಮೊದಲೇ ಗೊತ್ತಿದ್ದವರನ್ನು ಯಾರೂ ಕೇಳಲಿಲ್ಲ. ಗಲಾಟೆ ಆದ ಮೇಲೆ 2003ರಲ್ಲಿ ಲಾಭ ಹಂಚಿಕೆಯ ಒಪ್ಪಂದ ಆಯಿತು. 2017ರಲ್ಲಿ ಸಾನ್ ಜನ, ತಮ್ಮ ಬಳಿ ಬರುವ ಸಂಶೋಧಕರು ಹೇಗೆ ನಡೆದುಕೊಳ್ಳಬೇಕು ಅಂತ ತಾವೇ ಒಂದು ಸಂಹಿತೆ ಬರೆದು ಹೊರತಂದರು. ಯಾರದ್ದಾದರೂ ಹಳೆಯ ತಿಳಿವಳಿಕೆ ಮೇಲೆ ನಿಮ್ಮ ಪ್ರಾಡಕ್ಟ್ ನಿಂತಿದ್ದರೆ ಪೇಟೆಂಟ್ ಅರ್ಜಿ ಹಾಕುವ ಮುಂಚೆ ಅವರ ಹತ್ತಿರ ಹೋಗಿ. ಆಮೇಲೆ ಹೋದರೆ ಅದು ರಾಜಿ ಪಂಚಾಯಿತಿ ಅಷ್ಟೇ.

ಹೂಡಿಕೆದಾರರಿಗೆ ತೋರಿಸುವ ಡೆಮೊ ಬಗ್ಗೆ ಜಾಸ್ತಿ ಹೇಳೋದಿಲ್ಲ. ಇವತ್ತು ಆಗೋದು ಏನು, ಮುಂದೆ ಆಗಬೇಕಾದದ್ದು ಏನು, ಎರಡನ್ನೂ ಬೇರೆ ಬೇರೆ ಸ್ಲೈಡ್‌ನಲ್ಲಿ ಹಾಕಿ. ತನ್ನ ರಕ್ತ ಪರೀಕ್ಷೆ ಯಂತ್ರ ಮಾಡಲಾಗದ್ದನ್ನೂ ಮಾಡುತ್ತೆ ಅಂತ ತೋರಿಸಿದ ಅಮೆರಿಕದ ಥೆರನೋಸ್ ಕಂಪನಿಯ ಸ್ಥಾಪಕಿ ಎಲಿಜಬೆತ್ ಹೋಮ್ಸ್, ಹೂಡಿಕೆದಾರರಿಗೆ ಮೋಸ ಮಾಡಿದ ಪ್ರಕರಣದಲ್ಲಿ 2022ರಲ್ಲಿ ದೋಷಿಯಾದರು.

ನಿಮ್ಮ ತಂಡದೊಳಗೆ ತಪ್ಪು ಕಂಡವರು ಬಾಯಿ ಬಿಡುವಂತೆ ಮಾಡೋದು ಇದಕ್ಕಿಂತ ಕಷ್ಟ. ಬಾಸ್ ಎದುರು ಇಲ್ಲ ಅನ್ನೋದು ಹಲವು ಕಡೆ ಅಮರ್ಯಾದೆ. ಮೀಟಿಂಗ್‌ನಲ್ಲಿ ಎಲ್ಲರೂ ತಲೆ ಆಡಿಸಿದರು ಅಂದರೆ ಒಪ್ಪಿದರು ಅಂತಲ್ಲ. ಟೊಯೊಟಾ ಕಾರ್ಖಾನೆಗಳಲ್ಲಿ ತೊಂದರೆ ಕಂಡ ಯಾವ ಕಾರ್ಮಿಕನಾದರೂ ಒಂದು ಹಗ್ಗ ಎಳೆದು ಮೇಲಿನವರನ್ನು ಕರೆಯಬಹುದು, ಅಗತ್ಯ ಬಿದ್ದರೆ ಲೈನೇ ನಿಲ್ಲುತ್ತೆ. ಹಿರಿಯರಿಗೆ ಅಷ್ಟು ಮರ್ಯಾದೆ ಕೊಡುವ ಜಪಾನಿನಲ್ಲೇ ಹುಟ್ಟಿದ ವ್ಯವಸ್ಥೆ ಇದು, ಯಾಕಂದರೆ ಅಲ್ಲಿ ಹಗ್ಗ ಎಳೆಯೋದು ಎದುರು ಮಾತಲ್ಲ, ಕೆಲಸದ ಭಾಗ. ನೀವೂ ಹಾಗೇ ಮಾಡಿ. ಲಾಂಚ್ ಮುಂಚೆ ಪ್ರತಿಯೊಬ್ಬರೂ "ಇದರಿಂದ ಯಾರಿಗೆ ತೊಂದರೆ ಆಗಬಹುದು" ಅಂತ ಒಂದೊಂದು ಚೀಟಿ ಬರೆದು ಕೊಡಬೇಕು, ಖಾಲಿ ಚೀಟಿ ತಗೊಳ್ಳೋದಿಲ್ಲ ಅನ್ನಿ. ಓದುವಾಗ ಹೆಸರು ಬೇಡ. ನಿಮ್ಮ ಅಭಿಪ್ರಾಯ ಕೊನೆಗೆ ಹೇಳಿ.

ಇಲ್ಲ ಅನ್ನಬೇಕಾಗಿ ಬಂದಾಗ ಉಪದೇಶ ಮಾಡೋಕೆ ಹೋಗಬೇಡಿ. "ನಮ್ಮ ಕಡೆ ಇದು ತಪ್ಪು" ಅಂದರೆ ಎದುರಿನವರ ಮರ್ಯಾದೆ ಹೋಗುತ್ತೆ, ಜಗಳ ಶುರುವಾಗುತ್ತೆ. "ನಮ್ಮ ಆಡಿಟರ್ ಇದನ್ನು ಪಾಸ್ ಮಾಡೋದಿಲ್ಲ, ನನ್ನ ಕೈಯಲ್ಲಿಲ್ಲ" ಅಂದುಬಿಡಿ, ಅದು ನಿಜವೂ ಆಗಿರುತ್ತೆ. ಅವರಿಗೂ ಹಿಂದೆ ಸರಿಯೋಕೆ ದಾರಿ ಸಿಗುತ್ತೆ. ಆದರೆ ಹೀಗೆ ಅಂದ ಮೇಲೆ ಫೈಲ್ ತಡ ಆಗಬಹುದು, ಅದಕ್ಕೆ ಮೊದಲೇ ತಯಾರಿರಿ. ಗೋದಾಮಿನ ಬಾಡಿಗೆ, ಸಂಬಳ ಎಲ್ಲ ಕೆಲವು ತಿಂಗಳು ಜಾಸ್ತಿ ಬೀಳುತ್ತೆ ಅಂತ ಬಜೆಟ್‌ನಲ್ಲೇ ಬರೆದಿಡಿ, ಲಾಂಚ್ ದಿನಾಂಕವನ್ನು ಪರ್ಮಿಟ್ ಕೈಗೆ ಬಂದ ಮೇಲೆ ಘೋಷಿಸಿ.