ಕೊಲೆಸ್ಟ್ರಾಲ್ ಜಾಸ್ತಿಯಾ? ಲೋಳೆ ಇರುವುದನ್ನು ಬಿಡಬೇಡಿ

ರಿಪೋರ್ಟಿನಲ್ಲಿ ಕೆಟ್ಟ ಕೊಲೆಸ್ಟ್ರಾಲ್ ಅನ್ನುವ ಎಲ್‌ಡಿಎಲ್ ಜಾಸ್ತಿ ಅಂತ ಬಂದ ಕೂಡಲೇ ಎಲ್ಲರೂ ಓಟ್ಸ್ ತರುತ್ತಾರೆ. ಓಟ್ಸ್ ಒಳ್ಳೆಯದೇ. ಆದರೆ ಅದರಲ್ಲಿ ಕೆಲಸ ಮಾಡುವುದು ನೀರಲ್ಲಿ ಲೋಳೆಯಾಗುವ ನಾರು, ಅಂಥದ್ದು ತೀರ್ಥಹಳ್ಳಿ, ಸಾಗರದ ಕಡೆಯ ಅಡುಗೆಮನೆಯಲ್ಲಿ ಬಸಳೆ, ಬೆಂಡೆ, ಮೆಂತ್ಯ ಅಂತ ಬೇಕಾದಷ್ಟಿದೆ.

ಲಿವರ್ ಕೊಲೆಸ್ಟ್ರಾಲ್‌ನಿಂದ ಪಿತ್ತರಸ ಮಾಡಿ ಕರುಳಿಗೆ ಬಿಡುತ್ತದೆ, ಕೆಲಸ ಮುಗಿದ ಮೇಲೆ ಅದರ ಬಹುಪಾಲು ವಾಪಸ್ ಲಿವರಿಗೇ ಹೋಗುತ್ತದೆ. ಲೋಳೆ ಇದ್ದರೆ ಒಂದಷ್ಟು ಪಿತ್ತ ಅದರಲ್ಲೇ ಸಿಕ್ಕಿಕೊಂಡು ಹೊರಗೆ ಹೋಗುತ್ತದೆ. ಕಮ್ಮಿಯಾದದ್ದನ್ನು ತುಂಬಿಸಿಕೊಳ್ಳಲು ಲಿವರ್ ರಕ್ತದಲ್ಲಿರುವ ಎಲ್‌ಡಿಎಲ್ ಎಳೆದುಕೊಳ್ಳುತ್ತದೆ.

ಮೊದಲು ಬಾರ್ಲಿ. ಉರಿಮೂತ್ರಕ್ಕೆ ಅಂತ ನೀರು ಕುಡಿದು ಕಾಳು ಎಸೆಯುತ್ತೇವೆ, ಅಲ್ವಾ? ಇಲ್ಲಿ ಬೇಕಾದದ್ದು ಆ ಕಾಳೇ. ಅದರ ಬೀಟಾ ಗ್ಲುಕಾನ್ ನಾರು ದಿನಕ್ಕೆ 3 ಗ್ರಾಂನಷ್ಟು ಹೊಟ್ಟೆಗೆ ಹೋಗಬೇಕು, ಅದಕ್ಕೆ ಸುಮಾರು 70 ಗ್ರಾಂ ಒಣ ಬಾರ್ಲಿ ಆಗುತ್ತದೆ. ರಾತ್ರಿ ನೆನೆಹಾಕಿ, ಬೆಳಿಗ್ಗೆ ಕುಕ್ಕರಿನಲ್ಲಿ ಮೆತ್ತಗೆ ಬೇಯಿಸಿ, ಮಜ್ಜಿಗೆ, ಉಪ್ಪು, ಜಜ್ಜಿದ ಶುಂಠಿ ಸೇರಿಸಿ ಕಾಳು ಸಮೇತ ಗಂಜಿ ಕುಡಿಯಿರಿ. ಶುರುವಿನಲ್ಲೇ ಪೂರ್ತಿ ಬೇಡ, ಹೊಟ್ಟೆ ಉಬ್ಬರಿಸುತ್ತದೆ. ಒಂದು ಹಿಡಿಯಿಂದ ಶುರು ಮಾಡಿ ನಿಧಾನಕ್ಕೆ ಜಾಸ್ತಿ ಮಾಡಿ.

ಮಧ್ಯಾಹ್ನಕ್ಕೆ ಮೆಂತ್ಯದ ತಂಬುಳಿ. ಒಂದು ಚಮಚ ಮೆಂತ್ಯ, ಅರ್ಧ ಚಮಚ ಜೀರಿಗೆ, ನಾಲ್ಕು ಕಾಳುಮೆಣಸನ್ನು ಒಂದೆರಡು ಹನಿ ಎಣ್ಣೆಯಲ್ಲಿ ಸಣ್ಣ ಉರಿಯಲ್ಲಿ ಹುರಿಯಿರಿ. ಮೆಂತ್ಯ ಕೆಂಪಗಾಗಿ ಘಮ್ ಅಂದ ತಕ್ಷಣ ಇಳಿಸಬೇಕು, ಕಪ್ಪಾದರೆ ಬರೀ ಕಹಿ. ಎರಡು ಚಮಚ ಕಾಯಿತುರಿ ಹಾಕಿ ನುಣ್ಣಗೆ ರುಬ್ಬಿ, ಬೆಣ್ಣೆ ತೆಗೆದ ಮಜ್ಜಿಗೆಗೆ ಕಲಸಿ, ಸಾಸಿವೆ ಒಗ್ಗರಣೆ ಕೊಡಿ. ಕುದಿಸುವುದು ಬೇಡ. ಕಾಯಿ ಕಮ್ಮಿ ಆಯ್ತು ಅಂತ ಮನೆಯಲ್ಲಿ ಗೊಣಗಬಹುದು, ಆದರೂ ಅಷ್ಟೇ ಇರಲಿ, ತೆಂಗಿನ ಕೊಬ್ಬಿನಲ್ಲಿ ಹೆಚ್ಚಿನದು ಎಲ್‌ಡಿಎಲ್ ಏರಿಸುವ ಸ್ಯಾಚುರೇಟೆಡ್ ಕೊಬ್ಬು. ಸ್ವಲ್ಪ ಹೊತ್ತು ಇಟ್ಟರೆ ತಂಬುಳಿ ತಾನಾಗೇ ಮಂದವಾಗುತ್ತದೆ. ಮೆಂತ್ಯದ ನಾರು ನೀರು ಹೀರುವುದು ಹಾಗೆ.

ರಾತ್ರಿಗೆ ಹುರುಳಿ ಸಾರು, ಬರೀ ಕಟ್ಟಲ್ಲ, ಕಾಳೂ ತಟ್ಟೆಗೆ ಬರಲಿ. ಬೆಂಡೆಕಾಯಿಯ ಲೋಳೆ ಹೋಗಲಿ ಅಂತ ಎಣ್ಣೆ ಸುರಿದು ಹುರಿಯಬೇಡಿ, ಹುಳಿಗೆ ಹಾಕಿ.

ಇನ್ನು ಕಾಫಿ. ಮಲೆನಾಡಿನವರಿಗೆ ಬಿಡಿ ಅಂತ ಹೇಳುವುದು ಹೇಗೆ! ಬಿಡುವುದೂ ಬೇಡ. ಕಾಫಿಯ ಎಣ್ಣೆಯಂಶದಲ್ಲಿ ಕೆಫೆಸ್ಟಾಲ್ ಅಂತ ಒಂದಿದೆ, ಅದು ಎಲ್‌ಡಿಎಲ್ ಏರಿಸುತ್ತದೆ. ಪುಡಿ ಹಾಕಿ ಕುದಿಸಿದ ಕಾಫಿಯಲ್ಲಿ ಅದು ಜಾಸ್ತಿ. ಸ್ಟೀಲ್ ಫಿಲ್ಟರಿನ ತೂತು ಅದನ್ನು ತಡೆಯುವುದಿಲ್ಲ, ಪೇಪರ್ ಫಿಲ್ಟರ್ ಬಹುಪಾಲು ತಡೆಯುತ್ತದೆ. ಆಲಿಕೆಯಲ್ಲಿ ಪೇಪರ್ ಇಟ್ಟು ಡಿಕಾಕ್ಷನ್ ಅದರ ಮೂಲಕ ಇಳಿಸಿ. ನಿಧಾನವಾಗುತ್ತದೆ, ಕಾಯಿರಿ. ದಿನಕ್ಕೆ ನಾಲ್ಕೈದು ಲೋಟ ಕುಡಿಯುವವರು ಇದನ್ನು ಮಾಡಲೇಬೇಕು.

ಡಾಕ್ಟರ್ ಕೊಲೆಸ್ಟ್ರಾಲ್ ಇಳಿಸುವ ಸ್ಟ್ಯಾಟಿನ್ ಮಾತ್ರೆ ಕೊಟ್ಟಿದ್ದರೆ ಇದನ್ನೆಲ್ಲ ನಂಬಿ ಸುಮ್ನೆ ನಿಲ್ಲಿಸಬೇಡಿ, ಇದು ಮಾತ್ರೆಯ ಜೊತೆಗೆ. ಶುಗರ್ ಮಾತ್ರೆ ತಗೊಳ್ಳುವವರು ಮೆಂತ್ಯ ಜಾಸ್ತಿ ಮಾಡುವ ಮೊದಲು ಕೇಳಿ, ಅದೂ ಸಕ್ಕರೆ ಇಳಿಸುತ್ತದೆ. ಹಿತ್ತಲಲ್ಲಿ ಚಕ್ಕೋತದ ಮರ ಇದ್ದರೆ ಅದನ್ನೂ ಡಾಕ್ಟರಿಗೆ ಹೇಳಿ. ಅದರ ಹತ್ತಿರದ ನೆಂಟ ಗ್ರೇಪ್‌ಫ್ರೂಟ್ ಕೆಲವು ಸ್ಟ್ಯಾಟಿನ್‌ಗಳನ್ನು ರಕ್ತದಲ್ಲಿ ಮಿತಿಮೀರಿ ಏರಿಸುತ್ತದೆ, ಚಕ್ಕೋತದಲ್ಲೂ ಅದೇ ಗುಂಪಿನ ಅಂಶಗಳಿವೆ.